ಅಪ್ಪ ಹಿಂದೆ ಕುಳಿತ ಬೇಸಿಗೆ

ಹೊಸ ಮೋಟಾರ್‌ಸೈಕಲ್ಲಿನ ಇಂಜಿನ್ ಮೊದಮೊದಲು ಚೆನ್ನಾಗಿ ಕಾದಾಗ ಒಂದು ವಾಸನೆ ಬರುತ್ತದೆ. ಸೈಲೆನ್ಸರಿಗೆ ಮೆತ್ತಿಕೊಂಡ ಎಣ್ಣೆ ಸುಡುವುದು, ಹೊಸ ಬಣ್ಣ ಬಿಸಿಯಾಗುವುದು, ರಬ್ಬರು ಮೆತ್ತಗಾಗುವುದು, ಎಲ್ಲ ಕೂಡಿ ಬರುವ ವಾಸನೆ. ಕೆಲವು ದಿನ ಇರುತ್ತದೆ, ಆಮೇಲೆ ಆ ಗಾಡಿಯ ಇಡೀ ಆಯುಷ್ಯದಲ್ಲಿ ಮತ್ತೆ ಬರುವುದಿಲ್ಲ. ಹೋದ ವಾರ ನಮ್ಮ ಕೆಳಗಿನ ಮನೆಯಲ್ಲಿ ಬಾಡಿಗೆಗಿರುವ ಬ್ಯಾಂಕಿನವರು ಹೊಸ ಬೈಕು ತಂದು ಅಂಗಳದಲ್ಲಿ ಚಾಲೂ ಮಾಡಿ ನಿಲ್ಲಿಸಿದ್ದರು. ನಾನು ಮೇಲಿನಿಂದ ಇಳಿದು ಬಂದು ಅದರ ಪಕ್ಕದಲ್ಲೇ ನಿಂತುಬಿಟ್ಟೆ. ಅವರು ಗಾಬರಿಯಾಗಿ, "ಯಾಕ್ರಿ ಮೇಡಂ, ಹೊಗಿ ಭಾಳ ಆತೇನ್ರಿ? ಬಂದ್ ಮಾಡ್ಲೇನು?" ಎಂದರು. "ಬ್ಯಾಡ್ರಿ, ಇನ್ನ ಸ್ವಲ್ಪ ಇರ್ಲಿ" ಎಂದೆ. ಅವರಿಗೆ ಏನು ತಿಳಿಯಿತೋ ಗೊತ್ತಿಲ್ಲ. ನನಗೆ ಮಾತ್ರ ಎರಡು ಸಾವಿರದ ನಾಲ್ಕರ ಬೇಸಿಗೆ ಮೂಗಿನ ತುದಿಗೆ ಬಂದು ಕೂತಿತ್ತು.

ಆಗ ನಾನು ಕಮಲಾಪುರದ ಸರಕಾರಿ ದವಾಖಾನೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಮನೆ ಕಲಬುರಗಿಯಲ್ಲಿ, ಕುಸನೂರಿನ ದಾರಿಗೆ. ಕುಸನೂರು ಆಗಿನ್ನೂ ಊರಾಗಿಯೇ ಇತ್ತು, ನಗರ ಅದರ ಹೊಸ್ತಿಲಿಗೆ ಬಂದು ಒಳಗೆ ಬರಲೋ ಬೇಡವೋ ಎಂದು ನೋಡುತ್ತಿತ್ತು. ನಮ್ಮ ಮನೆಯ ಹಿಂದಿನ ಗೋಡೆ ದಾಟಿದರೆ ತೊಗರಿ ಹೊಲ.

ದವಾಖಾನೆಗೆ ಸುತ್ತಲಿನ ಲಂಬಾಣಿ ತಾಂಡಾಗಳಿಂದ ಜನ ನಸುಕಿನಲ್ಲೇ ಎದ್ದು, ಖಾಲಿ ಹೊಟ್ಟೆಯಲ್ಲಿ ನಡೆದು ಬಂದು ನನ್ನ ಕೋಣೆಯ ಮುಂದೆ ಕೂತಿರುತ್ತಿದ್ದರು. ಸಕ್ಕರೆ ಕಾಯಿಲೆಗೆ ರಕ್ತ ಕೊಡುವವರು, ಕಫದ ಡಬ್ಬಿ ಹಿಡಿದವರು, ಚಳಿಜ್ವರದವರು. ನಾನು ಹೋಗಬೇಕಾದ ಬಸ್ಸು ಒಂದು ದಿನ ಹೊತ್ತಿಗೆ ಸರಿಯಾಗಿ ಬಂದರೆ ಇನ್ನೊಂದು ದಿನ ತಡ, ಮತ್ತೊಂದು ದಿನ ಬರುವುದೇ ಇಲ್ಲ. ನಾನು ಬೆವರು ಒರೆಸಿಕೊಂಡು ತಲುಪುವಷ್ಟರಲ್ಲಿ ಅರ್ಧ ಜನ ಹಸಿವು ತಡೆಯದೆ ಎದುರಿನ ಗಾಡಿಯಲ್ಲಿ ಭಜಿ ತಿಂದಿರುತ್ತಿದ್ದರು, ಉಳಿದವರು ಕೂಲಿ ತಪ್ಪುತ್ತದೆಂದು ಎದ್ದು ಹೋಗಿರುತ್ತಿದ್ದರು. ಒಂದು ದಿನ ತಾಂಡಾದ ಅಜ್ಜಿಯೊಬ್ಬಳು ನನ್ನ ಮುಖ ನೋಡಿ, "ಬಾಯೀ, ನಿನ್ನ ಬಸ್ಸಿಗೂ ಜ್ವರಾ ಬಂದದೇನು? ಅದರದೂ ಒಂದೀಟು ರಕ್ತ ತಗದು ನೋಡು" ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಅಂದು ಆಕೆಯ ಪರೀಕ್ಷೆ ಆಗಲಿಲ್ಲ. ಆಕೆ ಭಜಿ ತಿಂದಾಗಿತ್ತು.

ನಮ್ಮ ಶಿವರಾಜ ಕಾಕಾ, ಅಂದರೆ ಅಪ್ಪನ ತಮ್ಮ, ಈ ತೊಂದರೆಗೆ ಒಂದು ಮದ್ದು ಹುಡುಕಿದ್ದರು. ಅವರಿಗೆ ಆಫೀಸುಗಳಲ್ಲಿ ಪರಿಚಯ ಬಹಳ. ಕಲಬುರಗಿಯಲ್ಲೇ ಒಂದು ಆಫೀಸಿಗೆ ನನ್ನನ್ನು ಡೆಪ್ಯುಟೇಶನ್ ಮೇಲೆ ಹಾಕಿಸುವುದು. "ಫ್ಯಾನಿನ ಕೆಳಗ ಕುಂತು ರಿಪೋರ್ಟ್ ಬರಕೋತ ಇರವಾ. ನಾಳಿ ಗಂಡಿನ ಕಡಿಯವರು ಕೇಳಿದ್ರ, ಹುಡುಗಿ ಆಫೀಸನ್ಯಾಗ ಅದಾಳ ಅಂತ ಹೇಳಾಕ ಬರ್ತದ. ಕಫಾ ನೋಡ್ತಾಳ ಅಂತ ಹೇಳೂದೇನು?" ಎನ್ನುತ್ತಿದ್ದರು. ನನಗೆ ಆ ಕಫವೇ ಬೇಕಾಗಿತ್ತು. ಗಾಜಿನ ಪಟ್ಟಿಯ ಮೇಲೆ ನೀಲಿ ಹಿನ್ನೆಲೆಯಲ್ಲಿ ಸಣ್ಣ ಕೆಂಪು ಕಡ್ಡಿಗಳಂಥ ಕ್ಷಯದ ಕ್ರಿಮಿಗಳು ಕಂಡಾಗ, ಇವನಿಗೆ ಔಷಧಿ ಇವತ್ತೇ ಶುರುವಾಗುತ್ತದೆ, ಇವನು ಬದುಕುತ್ತಾನೆ ಎನ್ನಿಸುವ ಒಂದು ಕ್ಷಣವಿದೆ. ಆ ಕ್ಷಣವನ್ನು ಬಿಟ್ಟುಕೊಡಲು ನಾನು ಸಿದ್ಧಳಿರಲಿಲ್ಲ.

ಹಾಗಾಗಿ ನಾನು ನನ್ನದೇ ಮದ್ದು ಹುಡುಕಿದೆ. ಸ್ಕೂಟಿ ತಗೋ ಎಂದು ಎಲ್ಲರೂ ಹೇಳಿದರು. ಹುಮನಾಬಾದ್ ರಸ್ತೆಯಲ್ಲಿ ಸಕ್ಕರೆ ಚೀಲ ಹೊತ್ತ ಲಾರಿಗಳ ನಡುವೆ ಸ್ಕೂಟಿ ಓಡಿಸಿದವರಿಗೆ ಗೊತ್ತು, ಲಾರಿಯೊಂದು ಪಕ್ಕದಲ್ಲಿ ಹೋದರೆ ಸಾಕು, ಗಾಳಿಗೆ ನಾವೇ ರಸ್ತೆಯಿಂದ ಇಳಿದಿರುತ್ತೇವೆ. ಇದು ಮನೆಯಲ್ಲಿ ಹೇಳಿದ ಕಾರಣ. ಹೇಳದ ಕಾರಣ ಏನೆಂದರೆ, ಆ ವರ್ಷ ಪೇಟೆಗೆ ಬಂದಿದ್ದ ಒಂದು ದೊಡ್ಡ ಬೈಕನ್ನು ಶೋರೂಮಿನ ಗಾಜಿನಾಚೆ ನೋಡಿ ನಾನು ಸೋತುಹೋಗಿದ್ದೆ. ದೂರದ ಪ್ರಯಾಣಕ್ಕೆ, ವೇಗಕ್ಕೆ, ಎರಡಕ್ಕೂ ಎಂದು ಮಾಡಿದ್ದು. ಮುಂದೆ ಗಾಳಿ ಸೀಳಲು ಅರ್ಧ ಕವಚ, ಅಗಲ ಟ್ಯಾಂಕು, ತಗ್ಗಿದ ಹ್ಯಾಂಡಲ್ಲು, ಕಡು ಕೆಂಪು ಬಣ್ಣ. ಅಂಗಡಿಯವನು, "ಯಾರಿಗ್ರೀ ಅಕ್ಕಾರ, ಅಣ್ಣಗೇನು?" ಎಂದು ಕೇಳಿದ. ಅಣ್ಣ ಇಲ್ಲ ಎಂದೆ. "ಮತ್ತ ಮನಿಯವರಿಗೇನು?" ಎಂದ. ಮನೆಯವರೂ ಇಲ್ಲ ಎಂದೆ. ಪಾಪ, ಅವನು ಆಮೇಲೆ ಏನೂ ಕೇಳದೆ ಚಾವಿ ಕೊಟ್ಟ. ಬೈಕು ಓಡಿಸುವುದನ್ನು ನಾನು ಕಾಲೇಜಿನಲ್ಲಿದ್ದಾಗಲೇ ಅಪ್ಪನ ಹಳೆಯ ಗಾಡಿಯ ಮೇಲೆ ಕಲಿತಿದ್ದೆ. ಕಲಿಸಿದವರೂ ಅಪ್ಪನೇ. ಆಗ ಅದು ಅವರಿಗೆ ತಮಾಷೆಯಾಗಿತ್ತು.

ಈಗ ತಮಾಷೆಯಾಗಿರಲಿಲ್ಲ. ಅಪ್ಪ ಸರಕಾರಿ ಬಸ್ಸಿನ ಡ್ರೈವರ್ ಆಗಿ ಅದೇ ಹುಮನಾಬಾದ್ ರಸ್ತೆಯಲ್ಲಿ ಇಡೀ ನೌಕರಿ ಕಳೆದು ನಿವೃತ್ತರಾದವರು. ಆ ರಸ್ತೆಯ ಪ್ರತಿ ಗುಂಡಿಯೂ ಅವರಿಗೆ ಗೊತ್ತು, ಆ ರಸ್ತೆಯಲ್ಲಿ ಸತ್ತವರೂ ಗೊತ್ತು. ಕಾಕಾ ಮನೆಗೆ ಬಂದು ಗಲಾಟೆ ಮಾಡಿದರು, ಅವ್ವ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದಳು. ಅಪ್ಪ ಗಾಡಿಯ ಸುತ್ತ ಒಂದು ಸುತ್ತು ಬಂದು, ಹಿಂದಿನ ಸೀಟನ್ನು ಒತ್ತಿ ನೋಡಿ ಒಂದು ಮಾತು ಹೇಳಿದರು.

"ಎರಡನೇ ಸರ್ವಿಸ್ ಆಗೂತನಕ ನಾ ಹಿಂದ ಕುಂಡರ್ತೀನಿ. ದಿನಾ. ನೀ ಹ್ಯಾಂಗ ಹೊಡೀತಿ ನೋಡ್ತೀನಿ. ನನಗ ಸರಿ ಕಂಡ್ರ ಇಟಕೋ. ಎಲ್ಲೆರ ಬಿದ್ದಿ ಅಂದ್ರ ಗಾಡಿ ಮಾರೂದು, ಶಿವರಾಜ ಹೇಳಿದ ಆಫೀಸಿಗಿ ಹೋಗೂದು. ಒಪ್ಪಿಗಿ ಅದ ಏನು ಮಾದೇವಿ?"

"ಅದ" ಎಂದೆ. ನನ್ನ ದನಿ ನನಗೇ ಗಟ್ಟಿಯಾಗಿ ಕೇಳಿಸಿತು.

ಗಾಡಿಗೆ ಶರಣಬಸವೇಶ್ವರ ಗುಡಿಯ ಮುಂದೆ ಪೂಜೆಯಾಯಿತು. ನಿಂಬೆಹಣ್ಣಿನ ಮೇಲೆ ಗಾಲಿ ಹತ್ತಿಸಿ ಇಳಿಸಿದೆ. ಅಲ್ಲಿಗೆ ಖಲೀಲ್ ಚಾಚಾ ಬಂದಿದ್ದರು. ಅವರು ಅಪ್ಪನ ಬಸ್ಸಿನಲ್ಲಿ ಬಹಳ ವರ್ಷ ಕಂಡಕ್ಟರ್ ಆಗಿದ್ದವರು, ರೋಜಾ ಬಡಾವಣೆಯಲ್ಲಿ ಮನೆ. "ಇಲ್ಲಿ ಮುಗೀತಲ್ಲ, ಈಗ ನಮ್ಮ ಕಡಿ ನಡೀರಿ" ಎಂದು ದರ್ಗಾದವರೆಗೆ ಕರೆದುಕೊಂಡು ಹೋಗಿ ಹ್ಯಾಂಡಲ್ಲಿಗೆ ಹಸಿರು ದಾರ ಕಟ್ಟಿಸಿದರು. ನಮ್ಮ ಮನೆಯಲ್ಲಿ ಯಾವ ಗಾಡಿ ಬಂದರೂ ಎರಡೂ ಕಡೆ ಹೋಗುವುದೇ ಪದ್ಧತಿ, ಸೈಕಲ್ಲು ಬಂದಾಗಲೂ ಹೋಗಿದ್ದೆವು. ಚಾಚಾ ನನ್ನ ಕಿವಿಯ ಹತ್ತಿರ ಬಂದು, "ಉಸ್ತಾದ್ ಹಿಂದ ಕುಂಡರ್ತಾರಂತಲ್ಲ, ನಿನಗ ಈ ದಾರ ಒಂದು ಸಾಲಂಗಿಲ್ಲ ಬೇಟಾ" ಎಂದು ನಕ್ಕರು.

ನಿಜ ಹೇಳಬೇಕೆಂದರೆ ಮೊದಲ ವಾರ ಗಾಡಿಯೇ ನನಗೆ ಸಾಕಾಗಿಸಿತು. ಕನಸಿನಲ್ಲಿ ಕಂಡ ಗಾಡಿ ಬೇರೆ, ಕಲಬುರಗಿಯ ಏಪ್ರಿಲ್ ತಿಂಗಳಿನಲ್ಲಿ ಕಾಲ ನಡುವೆ ಸಿಕ್ಕ ಗಾಡಿ ಬೇರೆ. ನಿಂತಾಗ ಭಾರ, ಎರಡೂ ಪಾದ ಪೂರ್ತಿ ನೆಲಕ್ಕೆ ತಾಗುತ್ತಿರಲಿಲ್ಲ. ಇಂಜಿನ್ನಿನ ಬಿಸಿ ಗಾಳಿ ಮೊಣಕಾಲ ಕೆಳಗೆ ಒಲೆಯ ಮುಂದೆ ಕೂತ ಹಾಗೆ ಹೊಡೆಯುತ್ತಿತ್ತು. ಕನ್ನಡಿಯಲ್ಲಿ ಹಿಂದಿನ ರಸ್ತೆ ಕಾಣುವ ಬದಲು ನನ್ನ ಮೊಣಕೈ ಕಾಣುತ್ತಿತ್ತು. ಹಾರ್ನಿನ ದನಿ ಬಹಳ ಮೆತ್ತಗೆ, ಸೂಪರ್ ಮಾರ್ಕೆಟಿನಲ್ಲಿ ಒತ್ತಿದರೆ ಎಮ್ಮೆಯೂ ತಿರುಗಿ ನೋಡುತ್ತಿರಲಿಲ್ಲ. ಹೊಸ ಇಂಜಿನ್ ಪಳಗುವ ತನಕ ಜೋರಾಗಿ ಓಡಿಸಬಾರದು ಎಂದು ಅಂಗಡಿಯವರು ಎಚ್ಚರಿಸಿದ್ದರು. ವೇಗಕ್ಕೆಂದು ಮಾಡಿದ ಗಾಡಿಯನ್ನು ಎತ್ತಿನ ಗಾಡಿಯ ಹಿಂದೆ ಹೋಗುವಂತೆ ಹೋಗಬೇಕಿತ್ತು. ಸಿಟಿ ದಾಟುವಷ್ಟರಲ್ಲಿ ಮುಂಗೈ ನೋಯುತ್ತಿತ್ತು.

ಆದರೆ ಸಿಟಿ ದಾಟಿ ರಸ್ತೆ ತೆರೆದುಕೊಂಡ ಮೇಲೆ ಅದೇ ಗಾಡಿ ಬೇರೆಯಾಗುತ್ತಿತ್ತು. ತಗ್ಗಿದ ಹ್ಯಾಂಡಲ್ಲು ಯಾಕೆ ತಗ್ಗಿದೆ ಎಂದು ಆಗ ತಿಳಿಯುತ್ತಿತ್ತು. ಎದೆಗೆ ಬಡಿಯಬೇಕಾದ ಗಾಳಿ ಕವಚದ ಮೇಲೆ ಹತ್ತಿ ಹೆಲ್ಮೆಟ್ಟಿನ ಮೇಲಿಂದ ಹೋಗುತ್ತಿತ್ತು. ತಿರುವಿನಲ್ಲಿ ನಾನು ಸ್ವಲ್ಪ ವಾಲಿದರೆ ಸಾಕು, ಗಾಡಿ ತಾನೇ ತಿರುಗುತ್ತಿತ್ತು. ಲಾರಿ ದಾಟಬೇಕಾದಾಗ ಬಲಗೈ ಹಿಡಿಯನ್ನು ಒಂದಿಷ್ಟು ತಿರುವಿದರೆ ಮುಗಿಯಿತು, ಲಾರಿ ಹಿಂದೆ ಬಿದ್ದಿರುತ್ತಿತ್ತು. ಎಡಬಲಕ್ಕೆ ಬೆಳೆ ತೆಗೆದ ಕಪ್ಪು ಹೊಲಗಳು ಬಾಯಿ ಬಿಟ್ಟುಕೊಂಡಿದ್ದವು. ಮಹಾಗಾಂವ ಕ್ರಾಸ್ ದಾಟಿ ಕಮಲಾಪುರ ಹತ್ತಿರವಾದಂತೆ ನೆಲ ಕೆಂಪಾಗುತ್ತ ಹೋಗುತ್ತಿತ್ತು. ಆ ಹೊತ್ತಿಗೆ ನನಗೆ ಆಗುತ್ತಿದ್ದ ಸಂತೋಷವನ್ನು ಮುಚ್ಚಿಡುವುದೇ ಕಷ್ಟವಾಗುತ್ತಿತ್ತು, ಹೆಲ್ಮೆಟ್ ಇದ್ದದ್ದು ಒಳ್ಳೆಯದಾಯಿತು. ಮತ್ತು ನಾನು ತಲುಪಿದಾಗ ಎಲ್ಲರೂ ಇನ್ನೂ ಖಾಲಿ ಹೊಟ್ಟೆಯಲ್ಲೇ ಕೂತಿರುತ್ತಿದ್ದರು.

ಹಿಂದಿನ ಸೀಟಿನಲ್ಲಿ ಅಪ್ಪ. ಬಿಳಿ ಪೈಜಾಮ, ತಲೆಗೆ ಬಿಗಿಯಾಗಿ ಸುತ್ತಿದ ಟವೆಲ್ಲು. ಹೆಲ್ಮೆಟ್ಟಿಗೆ ಒಪ್ಪಲಿಲ್ಲ. ಆ ಸೀಟು ನನ್ನದಕ್ಕಿಂತ ಎತ್ತರ, ಹಾಗಾಗಿ ಬಸ್ಸಿನಲ್ಲಿ ಕೂತ ಹಾಗೆಯೇ ಅವರಿಗೆ ಇಡೀ ರಸ್ತೆ ಕಾಣುತ್ತಿತ್ತು. "ಬ್ರೇಕ್... ಬ್ರೇಕ್... ಹಾಂ, ಈಗ ಬಿಡು. ಹಾರನ್ ಹೊಡಿ. ಆ ಟ್ರ್ಯಾಕ್ಟರಿನಾಂವ ಕೈ ತೋರಸಂಗಿಲ್ಲ ಹಂಗೇ ಹೊಳ್ಳತಾನ, ನೋಡಕೋ." ಇಡೀ ದಾರಿ ಇದೇ. ಕಮಲಾಪುರ ಮುಟ್ಟಿದ ಮೇಲೆ ನನ್ನ ಕೆಲಸ ಮುಗಿಯುವ ತನಕ ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಕೂರುತ್ತಿದ್ದರು. ಹಳೆಯ ಡ್ರೈವರುಗಳು ಬಸ್ಸಿನ ಕಿಟಕಿಯಿಂದಲೇ ಕೂಗುತ್ತಿದ್ದರು: "ಏನ್ರಿ ಉಸ್ತಾದ್, ಮಗಳ ಗಾಡಿಗಿ ಕ್ಲೀನರ್ ಆಗೀರಂತ?" ಅಪ್ಪ, "ಹೂಂ, ಪಗಾರ ಇಲ್ಲ, ಬರೇ ಚಹಾ" ಎನ್ನುತ್ತಿದ್ದರು. ನಿಲ್ದಾಣದಲ್ಲಿ ಕೆಂಪು ಬಾಳೆಹಣ್ಣು ಮಾರುವ ಹೆಂಗಸು ಗಾಡಿ ನೋಡಿ, "ನಮ್ಮ ಹಣ್ಣಿನ ಬಣ್ಣಾನೇ ನೋಡಿ ತಂದಾಳ ನಿಮ್ಮ ಮಗಳು" ಎಂದು ಅವರ ಕೈಗೆ ಒಂದು ಹಣ್ಣು ಕೊಟ್ಟಿದ್ದಳಂತೆ. ಅಂದು ಮನೆಗೆ ಬರುವಾಗ ಅಪ್ಪ ಒಂದೂ ತಪ್ಪು ಹುಡುಕಲಿಲ್ಲ. ಇವರು ಒಪ್ಪುತ್ತಾರೆ ಎಂದು ನನಗೆ ಮೊದಲ ಸಲ ಅನ್ನಿಸಿತು.

ಕಮಲಾಪುರ ಸೇರುವ ಮೊದಲು ಕುರಿಕೋಟಾದ ಸೇತುವೆ ಬರುತ್ತದೆ. ಅದಕ್ಕೆ ಉದ್ದನೆಯ ಇಳಿಜಾರು ಇಳಿದು ಹೋಗಬೇಕು. ಮೇ ತಿಂಗಳ ಒಂದು ಬೆಳಿಗ್ಗೆ ಆ ಇಳಿಜಾರಿನ ತಲೆಯ ಮೇಲೆ ಅಪ್ಪ ನನ್ನ ಬೆನ್ನು ತಟ್ಟಿದರು.

"ಚಾವಿ ತಿರುವು."

"ಯಾಕಪ್ಪಾ?"

"ಇಳಿಜಾರ ಅದ, ಇಂಜಿನ್ ಬಂದ್ ಮಾಡಿ ನೂಟ್ರಲ್ ಹಾಕು. ಪುಕ್ಕಟೆ ಹೋಗ್ತದ ಗಾಡಿ. ಸುಮ್ಮ ಎಣ್ಣಿ ಯಾಕ ಸುಡ್ತಿ?"

ಇದು ಅವರ ಕಾಲದ ಡ್ರೈವರುಗಳ ಕೈಚಳಕ. ಇಳಿಜಾರು ಬಂದ ಕಡೆಯೆಲ್ಲ ಇಂಜಿನ್ ನಿಲ್ಲಿಸಿ, ಬಸ್ಸನ್ನು ಅದರ ಭಾರಕ್ಕೇ ಬಿಟ್ಟು ಎಣ್ಣೆ ಉಳಿಸುವುದು. ಅಪ್ಪ ಇದರಲ್ಲಿ ಎತ್ತಿದ ಕೈ. ಎಲ್ಲರಿಗಿಂತ ಹೆಚ್ಚು ಡೀಸೆಲ್ ಉಳಿಸಿದ್ದಕ್ಕೆ ಒಂದು ವರ್ಷ ಅವರಿಗೆ ಶಾಲು ಹೊದಿಸಿ ಹಾರ ಹಾಕಿದ್ದರು. ಆ ಫೋಟೋ ನಮ್ಮ ಪಡಸಾಲೆಯಲ್ಲಿ ದೇವರ ಫೋಟೋಗಳ ಸಾಲಿನಲ್ಲೇ ಇತ್ತು. ನಾನು ಚಾವಿ ತಿರುಗಿಸಿದೆ. ಇಂಜಿನ್ನಿನ ಸದ್ದು ನಿಂತು, ಬರೀ ಗಾಳಿ ಮತ್ತು ಟೈರಿನ ಸದ್ದು ಉಳಿಯಿತು. ಹಕ್ಕಿಯ ಬೆನ್ನ ಮೇಲೆ ಕೂತಂತೆ ಹಾಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಹಿಂದೆ ಅಪ್ಪ, "ನೋಡಿದೇನು?" ಎಂದು ಹೆಮ್ಮೆಯಿಂದ ಕೇಳಿದರು. ಅಂದಿನಿಂದ ದಿನವೂ ಅಲ್ಲಿ ಬೆನ್ನಿಗೆ ಒಂದು ತಟ್ಟು, ಚಾವಿ ಬಂದ್.

ಜೂನಿನ ಮಿರ್ಗದ ಮಳೆ ಆ ವರ್ಷ ಒಂದೇ ಜಡಿ ಹೊಡೆದು ಹೋಯಿತು. ಮರುದಿನ ಬೆಳಿಗ್ಗೆ ರಸ್ತೆಯ ಮೇಲೆ ಬೇಸಿಗೆಯ ಧೂಳು, ಲಾರಿಗಳ ಎಣ್ಣೆ ಎಲ್ಲ ಹಸಿಯಾಗಿ ಹರಡಿಕೊಂಡಿತ್ತು. ಅಪ್ಪ ಹೇಳಿದ ಸರ್ವಿಸಿಗೆ ಇನ್ನೇನು ಒಂದು ವಾರವಿತ್ತು. ಇಳಿಜಾರಿನ ಮೇಲೆ ಅಪ್ಪ ಬೆನ್ನು ತಟ್ಟಿದರು, ನಾನು ಇಂಜಿನ್ ನಿಲ್ಲಿಸಿ ನೂಟ್ರಲ್ ಹಾಕಿದೆ. ಅರ್ಧ ಇಳಿದಿದ್ದೆವು. ಸೇತುವೆಯ ಹತ್ತಿರ ಎಡಗಡೆಯಿಂದ ಒಬ್ಬ ಹೆಂಗಸು ಆಡಿನ ಹಿಂಡು ಹೊಡೆದುಕೊಂಡು ರಸ್ತೆಗೆ ಬಂದಳು. ನಮ್ಮ ಕಡೆ ಬೆನ್ನು. ಹಾರ್ನ್ ಒತ್ತಿದೆ. ಸದ್ದಿಲ್ಲ. ಮತ್ತೆ ಒತ್ತಿದೆ, ಇಲ್ಲ. ಚಾವಿ ಬಂದ್ ಆಗಿದೆ, ಚಾವಿ ಬಂದ್ ಆದರೆ ಈ ಗಾಡಿಗೆ ಹಾರ್ನೂ ಇಲ್ಲ ಎಂಬುದು ಆಗ ತಲೆಗೆ ಹೊಳೆಯಿತು. ಅಪ್ಪನ ಬಸ್ಸಿನಲ್ಲಿ ಇಂಜಿನ್ ನಿಲ್ಲಿಸಲು ಎಳೆಯುವ ಗುಂಡಿಯೇ ಬೇರೆ, ಹಾರ್ನು ಬೇರೆ. ಗೇರಿನಲ್ಲಿದ್ದರೆ ಇಂಜಿನ್ನಾದರೂ ಹಿಡಿಯುತ್ತಿತ್ತು, ಈಗ ಗಾಡಿಯನ್ನು ಹಿಡಿಯುವವರು ಯಾರೂ ಇರಲಿಲ್ಲ. "ಕಾಲ ಬ್ರೇಕ್ ತುಳಿ!" ಎಂದು ಅಪ್ಪ ಕೂಗಿದರು. ತುಳಿದೆ. ಹಿಂದಿನ ಗಾಲಿ ಜಾರಿತು. ಆಡುಗಳನ್ನು ಬಿಟ್ಟು ಬಲಕ್ಕೆ ಎಳೆದೆ, ರಸ್ತೆ ಪಕ್ಕದ ಮೊರಮು ಕಲ್ಲುಮಣ್ಣಿನ ಮೇಲೆ ಇಬ್ಬರೂ ಬಿದ್ದೆವು.

ಆಡುಗಳಿಗೆ ಏನೂ ಆಗಲಿಲ್ಲ. ನನ್ನ ಮೊಣಕೈಯ ಚರ್ಮ ಕಿತ್ತುಹೋಗಿತ್ತು. ಅಪ್ಪನ ಬಲ ಮುಂಗೈ ಮುರಿದಿತ್ತು. ನಮ್ಮ ದವಾಖಾನೆಯ ಡಾಕ್ಟರೇ ಕಟ್ಟು ಕಟ್ಟಿ ಕಲಬುರಗಿಗೆ ಕಳಿಸಿದರು, ಅಲ್ಲಿ ಪ್ಲಾಸ್ಟರ್ ಹಾಕಿದರು.

ಸಂಜೆ ಮನೆಯ ತುಂಬ ಜನ. ಶಿವರಾಜ ಕಾಕಾ ನಡುವೆ ನಿಂತಿದ್ದರು. "ನಾ ಹೇಳಿರಲಿಲ್ಲೇನು? ಹೆಣ್ಣಮಕ್ಕಳ ಕೈಯಾಗ ಅಷ್ಟು ದೊಡ್ಡ ಗಾಡಿ ನಿಲ್ಲತದೇನು? ಇವತ್ತ ಕೈ ಮುರದದ, ನಾಳಿ?" ಅವ್ವ ಅಳುತ್ತ, "ನಿಮ್ಮಪ್ಪ ಇಡೀ ನೌಕರಿ ಮುಗಸಿದ್ರು, ಒಂದ್ ಕೋಳಿಗೂ ತಾಗಸಿಲ್ಲ. ನೀ ಅವರನ್ನೇ ಕೆಡವಿದೆಲ್ಲ" ಎಂದಳು. ನಾನು ಅಪ್ಪನ ಮುಖ ನೋಡಿದೆ. ಎಲ್ಲರೂ ಅವರನ್ನೇ ನೋಡಿದರು. ಅವರು ಪ್ಲಾಸ್ಟರನ್ನು ತೊಡೆಯ ಮೇಲೆ ಸರಿಮಾಡಿಕೊಂಡು, "ಮಳಿ ಆಗಿತ್ತು" ಎಂದರು. ಅಷ್ಟೇ.

ನನಗೆ ಉರಿದುಹೋಯಿತು. ಚಾವಿ ತಿರುವು ಎಂದವರು ನೀವೇ ಅಲ್ಲವೇ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. ಕರುಣೆಯಿಂದಲ್ಲ, ಹಟದಿಂದ. ಈ ಮಾತು ಹೇಳಬೇಕಾದವಳು ನಾನಲ್ಲ. ನಾನು ಹೇಳಿದರೆ ಅದು ತಪ್ಪಿಸಿಕೊಳ್ಳುವ ಮಾತಾಗುತ್ತದೆ, ಅವರು ಹೇಳಿದರೆ ಮಾತ್ರ ಮಾತಾಗುತ್ತದೆ. ಹೇಳುವ ತನಕ ಕಾಯುತ್ತೇನೆ, ಗಾಡಿಯನ್ನಂತೂ ಬಿಡುವುದಿಲ್ಲ ಎಂದುಕೊಂಡೆ.

ಕಾಕಾ ತಡಮಾಡಲಿಲ್ಲ. ಬರುವ ಭಾನುವಾರ ಗಾಡಿ ನೋಡಲು ಒಬ್ಬರನ್ನು ಕರೆತರುತ್ತೇನೆ, ಡೆಪ್ಯುಟೇಶನ್ನಿನ ಮಾತೂ ಮುಗಿದಿದೆ ಎಂದು ಹೇಳಿ ಹೋದರು. ಮರುದಿನ ಬೆಳಿಗ್ಗೆ ನಾನು ಎದ್ದು, ಬಗ್ಗಿದ್ದ ಬ್ರೇಕ್ ಪೆಡಲನ್ನು ಪೈಪು ಹಾಕಿ ನೆಟ್ಟಗೆ ಮಾಡಿದೆ. ಕವಚದ ಸೀಳಿಗೆ ಟೇಪು ಸುತ್ತಿದೆ. ಒಂದು ಕನ್ನಡಿ ಹೋಗಿತ್ತು, ಹೋಗಲಿ, ಅದರಲ್ಲಿ ಕಾಣುತ್ತಿದ್ದದ್ದು ಮೊಣಕೈ ತಾನೆ. ಅವ್ವ ಬಾಗಿಲಿಗೆ ಅಡ್ಡ ಬಂದಳು. "ಮಂದಿ ಹಸದು ಕುಂತಿರ್ತಾರವ್ವಾ" ಎಂದು ಅವಳನ್ನು ದಾಟಿ ಹೋದೆ. ಅಪ್ಪ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು, ಬೇಡ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಗಾಡಿಯ ಹಿಂದಿನ ಸೀಟು ಖಾಲಿ ಇದ್ದದ್ದು ಬೆನ್ನಿಗೆ ಗೊತ್ತಾಗುತ್ತಿತ್ತು. ಕುರಿಕೋಟಾದ ಇಳಿಜಾರಿನ ತಲೆಗೆ ಬಂದೆ. ಮೂರನೇ ಗೇರಿಗೆ ಇಳಿಸಿ, ಹೆದರುತ್ತ, ಇಂಜಿನ್ನನ್ನು ಬಿಟ್ಟುಕೊಡದೆ ಇಳಿದೆ.

ಲ್ಯಾಬಿನವಳಿಗೆ ಅನುಮಾನ ಬಂದರೆ ಪರೀಕ್ಷೆ ಮಾಡುವುದೊಂದೇ ಗೊತ್ತು. ಆ ವಾರ ಸಂಜೆಯೆಲ್ಲ ಕುಸನೂರಿನ ಖಾಲಿ ರಸ್ತೆಯಲ್ಲಿ ಕಲ್ಲು ಇಟ್ಟು ಪರೀಕ್ಷೆ ಮಾಡಿದೆ. ಅದೇ ವೇಗ, ಅದೇ ಕಲ್ಲಿನ ಹತ್ತಿರ ಬ್ರೇಕು, ಒಮ್ಮೆ ನೂಟ್ರಲ್ಲಿನಲ್ಲಿ, ಒಮ್ಮೆ ಗೇರಿನಲ್ಲಿ. ಒಮ್ಮೆ ಕಾಲಿನ ಬ್ರೇಕು ಒಂದೇ, ಒಮ್ಮೆ ಕೈಯದನ್ನೂ ಸೇರಿಸಿ. ನಿಂತ ಜಾಗಕ್ಕೊಂದು ಕಲ್ಲು. ಹೊಲದಿಂದ ಬರುವವರು ಹುಡುಗಿಗೆ ಬಿದ್ದ ಪೆಟ್ಟು ತಲೆಗೇರಿದೆ ಎಂದುಕೊಂಡು ಹೋದರು. ಗೇರು ಹಾಕಿ, ಎರಡೂ ಬ್ರೇಕನ್ನು ಮೆಲ್ಲಗೆ ಕೂಡಿಸಿ ಹಿಡಿದಾಗ ಇಟ್ಟ ಕಲ್ಲು ಎಲ್ಲಕ್ಕಿಂತ ಈಚೆ ಬಿದ್ದಿತ್ತು. ಆ ಕಲ್ಲುಗಳನ್ನು ನೋಡುತ್ತ ನಿಂತಾಗ ನನ್ನ ಹೆದರಿಕೆ ಹೋಯಿತು. ಅಪ್ಪನ ಮೇಲಿನ ಸಿಟ್ಟು ಹೋಗಲಿಲ್ಲ.

ಶನಿವಾರ ಸಂಜೆ ಖಲೀಲ್ ಚಾಚಾ ರೋಜಾದ ಖಾರಿ ಬಿಸ್ಕೀಟಿನ ಪೊಟ್ಟಣ ಹಿಡಿದು ಅಪ್ಪನನ್ನು ನೋಡಲು ಬಂದರು. ಅವರಿಗೆ ಮನೆಯಲ್ಲಿ ನಡೆದಿದ್ದು ಏನೂ ಗೊತ್ತಿಲ್ಲ. ಎಲ್ಲಿ ಬಿದ್ದಿರಿ ಎಂದು ಕೇಳಿದರು. ಕುರಿಕೋಟಾ ಎಂದಳು ಅವ್ವ. ಚಾಚಾ ತೊಡೆ ತಟ್ಟಿಕೊಂಡು ನಕ್ಕರು.

"ಯಾ ಅಲ್ಲಾ, ಆ ಇಳಿಜಾರ! ಕೇಳವಾ ಮಾದೇವಿ, ನಿಮ್ಮಪ್ಪ ಅಲ್ಲಿ ಇಂಜಿನ್ ಬಂದ್ ಮಾಡಿದ್ರ ನಾ ಟಿಕೀಟ್ ಹರಿಯೂದು ಬಿಟ್ಟು ಕಂಬಾ ಹಿಡಕೊಂಡು ಕಲ್ಮಾ ಓದ್ತಿದ್ದೆ. ಪೂಲ್ ದಾಟಿದ ಮ್ಯಾಲೇ ಮತ್ತ ಟಿಕೀಟ್, ಟಿಕೀಟ್! ಹಿಂದಿನ ಮಂದಿ ಗಾಳಿ ಬರ್ತದಂತ ಖುಷೀಲೆ ಕುಂತಿರ್ತಿದ್ರು."

ಅವ್ವ ನಕ್ಕಳು. ಅಪ್ಪ ನಗಲಿಲ್ಲ.

"ಖರೆ ಹೇಳಾಕತ್ತೀಯೇನು ಖಲೀಲ್?"

"ಕಸಮ್ ಸೆ ಉಸ್ತಾದ್. ದಿನಾ."

"ಮತ್ತ ನನಗ್ಯಾಕ ಹೇಳಲಿಲ್ಲ?"

ಚಾಚಾ ಬಿಸ್ಕೀಟು ಚಹಾದಲ್ಲಿ ಅದ್ದುತ್ತ, ಅದೇನು ದೊಡ್ಡ ಮಾತೆಂಬಂತೆ, "ಹ್ಯಾಂಗ ಹೇಳೂದು ಉಸ್ತಾದ್? ನಿಮಗ ಶಾಲ್ ಹೊಚ್ಚಿದ್ರಲ್ಲ" ಎಂದರು.

ಚಾಚಾ ಹೋದ ಮೇಲೂ ಅಪ್ಪ ಪಡಸಾಲೆಯಲ್ಲೇ ಕೂತಿದ್ದರು. ಅವ್ವ ದೀಪ ಹಾಕಿದರೆ ಆರಿಸು ಎಂದರು.

ಭಾನುವಾರ ಕಾಕಾ ಗಿರಾಕಿಯನ್ನು ಕರೆತಂದರು. ಗುತ್ತಿಗೆದಾರರಂತೆ, ದಪ್ಪ ಮೀಸೆ, ಒಳ್ಳೆಯ ಮನುಷ್ಯ. ಗಾಡಿಯ ಸುತ್ತ ಕೂತು ಎದ್ದು ನೋಡಿ, "ಗಾಡಿ ಮಸ್ತ್ ಅದ್ರಿ. ಬಿದ್ದದ್ದು ಹ್ಯಾಂಗ್ರಿ?" ಎಂದು ಕೇಳಿದರು. ಕಾಕಾ, "ಹುಡುಗಿ ಕೈಯಾಗ ಬ್ಯಾಲೆನ್ಸ್ ಸಿಗಲಿಲ್ಲ" ಎಂದರು. ನಾನು ಚಾವಿಯನ್ನು ಮುಷ್ಟಿಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಯಾರು ಕೇಳಿದರೂ ಕೊಡಬಾರದೆಂದು ತೀರ್ಮಾನಿಸಿಯೇ ನಿಂತಿದ್ದೆ. ಅಪ್ಪ ಕಟ್ಟೆಯಿಂದ ಇಳಿದು ಅಂಗಳಕ್ಕೆ ಬಂದರು. ಅಕ್ಕಪಕ್ಕದ ಮನೆಯವರೂ ಗೋಡೆಯಾಚೆ ನಿಂತು ನೋಡುತ್ತಿದ್ದರು.

"ಗಾಡಿ ಮಾರೂದಿಲ್ರಿ" ಎಂದರು ಅಪ್ಪ. "ಆಕಿ ಬ್ಯಾಲೆನ್ಸ್ ತಪ್ಪಿಲ್ಲ. ಇಳಿಜಾರದಾಗ ಇಂಜಿನ್ ಬಂದ್ ಮಾಡು ಅಂದಾಂವ ನಾನು. ಹಾರನ್ ಸುದ್ದಾ ಬರಲಿಲ್ಲ. ಆಡಿನ ಮ್ಯಾಲೆ ಹಾಯ್ದು ಹೋಗಬೇಕಾಗಿತ್ತು, ಆಕಿ ಕಡಿಗಿ ತಗದು ಉಳಸ್ಯಾಳ."

ಕಾಕಾ ಮೆಲ್ಲನೆ, "ಅಣ್ಣಾ, ಇರಲಿ ಬಿಡು, ಹೊರಗಿನವರ ಮುಂದ..." ಎಂದರು.

"ಹೊರಗಿನವರ ಮುಂದೇ ಹೇಳ್ತೀನಿ ಶಿವರಾಜ. ಮುರದದ್ದು ನನ್ನದೊಂದು ಕೈ. ನಾ ಬಸ್ ತುಂಬ ಮಂದಿ ಕುಂಡರಸ್ಕೊಂಡು ಹಂಗೇ ಇಳದೇನಿ. ಹಾಲು ಕುಡಿಯೂ ಕೂಸುಗಳು ಇರ್ತಿದ್ವು." ಗುತ್ತಿಗೆದಾರರು ಅಪ್ಪನ ಎಡಗೈ ಹಿಡಿದು ನಮಸ್ಕಾರ ಮಾಡಿ ಹೋದರು. ಕಾಕಾ ಅವರ ಹಿಂದೆಯೇ ಹೋದರು. ಡೆಪ್ಯುಟೇಶನ್ನಿನ ಮಾತು ಅವರು ಮತ್ತೆ ಎತ್ತಲಿಲ್ಲ.

ನಾನು ಗೆದ್ದಿದ್ದೆ. ಆದರೆ ಗೆದ್ದವರಿಗೆ ಆಗಬೇಕಾದ ಸಂತೋಷ ನನಗೆ ಆಗಲಿಲ್ಲ. ಇಡೀ ವಾರ ಈ ಮಾತಿಗಾಗಿ ಹಲ್ಲು ಕಚ್ಚಿ ಕಾದಿದ್ದೆ, ಬಂದಾಗ ಅದು ಇಷ್ಟು ದೂರದಿಂದ ಬರುತ್ತದೆಂದು ಗೊತ್ತಿರಲಿಲ್ಲ. ನನಗೆ ಅಪ್ಪನ ಮೇಲೆ ಬಹಳ ಪ್ರೀತಿ ಬಂತು, ಬಹಳ ಸಂಕಟವೂ ಆಯಿತು. ಒಳ ಬಂದು ನೋಡಿದರೆ ಅವರು ಟವೆಲ್ಲನ್ನು ಒಂದೇ ಕೈಯಲ್ಲಿ ತಲೆಗೆ ಸುತ್ತಲು ಒದ್ದಾಡುತ್ತಿದ್ದರು.

"ಎಲ್ಲಿಗಪ್ಪಾ?"

"ಕುರಿಕೋಟಾಕ್ಕ. ನಡಿ."

ಟವೆಲ್ಲನ್ನು ಅವರ ಕೈಯಿಂದ ತೆಗೆದುಕೊಂಡು ನನ್ನ ಹೆಲ್ಮೆಟ್ಟನ್ನು ಅವರ ತಲೆಗೆ ಇಳಿಸಿದೆ. ಬೇಡ ಎನ್ನಲಿಲ್ಲ. ಪ್ಲಾಸ್ಟರ್ ಹಾಕಿದ ಕೈಯನ್ನು ನಮ್ಮಿಬ್ಬರ ನಡುವೆ ಇಟ್ಟುಕೊಂಡು ಕೂತರು. ಸಿಟಿ ದಾಟಿ, ಮಹಾಗಾಂವ ಕ್ರಾಸೂ ದಾಟಿದೆವು. ಎರಡನೆಯ ಮಳೆಗೆ ಹೊಲಗಳು ತೊಯ್ದು ಕರ್ರಗಾಗಿದ್ದವು. ಇಳಿಜಾರಿನ ಮೇಲೆ ಬಂದಾಗ, "ನಿಲ್ಲಸು" ಎಂದರು. ನಿಲ್ಲಿಸಿದೆ. ಕೆಳಗೆ ಸೇತುವೆ ಕಾಣುತ್ತಿತ್ತು, ಅದರ ಮೇಲೆ ಒಂದು ಬಸ್ಸು ದಾಟುತ್ತಿತ್ತು.

"ನೀ ಈಗ ಹ್ಯಾಂಗ ಇಳಸ್ತಿ, ತೋರಸು" ಎಂದರು.

ಮೂರನೇ ಗೇರಿಗೆ ಹಾಕಿದೆ. ಗಾಡಿ ಇಳಿಯತೊಡಗಿದಂತೆ ಎರಡಕ್ಕೆ ಇಳಿಸಿದೆ. ಇಂಜಿನ್ ಗುರುಗುಟ್ಟುತ್ತ ಗಾಡಿಯನ್ನು ಹಿಂದಕ್ಕೆ ಹಿಡಿದುಕೊಂಡಿತು. ಬ್ರೇಕನ್ನು ಆಗೊಮ್ಮೆ ಈಗೊಮ್ಮೆ ಮುಟ್ಟಿದೆ, ಒಂದು ಸಲ ಹಾರ್ನ್ ಹೊಡೆದೆ. ಸೇತುವೆಯ ಬಾಯಿಗೆ ಬಂದು, ನಿಲ್ಲಬೇಕೆಂದ ಕಡೆಯೇ ನಿಲ್ಲಿಸಿ ಒಂದು ಕಾಲು ನೆಲಕ್ಕೆ ಊರಿದೆ. ಈಗ ತಪ್ಪು ಹುಡುಕುತ್ತಾರೆ ಎಂದು ಕಾದೆ. ಅಪ್ಪ ಸೀಟಿನ ಮೇಲೆಯೇ ತಿರುಗಿ, ಇಳಿದು ಬಂದ ರಸ್ತೆಯನ್ನು ಮೇಲಿನ ತನಕ ನೋಡುತ್ತಿದ್ದರು. ಬಹಳ ಹೊತ್ತು ನೋಡಿದರು.

"ಇನ್ನೊಮ್ಮಿ ತೋರಸವಾ" ಎಂದರು.

ನಾನು ಗಾಡಿ ತಿರುಗಿಸಿದೆ.